ಮಗುವಿನ ಭಯ, ನಮ್ಮ ಹೊಂದಾಣಿಕೆ

(ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ವಾರದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ, ಕೊನೆಯಲ್ಲಿರುವ ಪ್ರಶ್ನೆಗಳನ್ನು ಚರ್ಚಿಸಿರಿ.)



ಒಕ್ಕೂಟದ ಸಭೆ ಅಂದರೆ ಉಳಿತಾಯ, ಸಾಲ, ಮರುಪಾವತಿ, ಬ್ಯಾಂಕ್ ಲಿಂಕೇಜ್ ಇವೇ ನಮ್ಮ ಮಾತು. ಇವತ್ತು ಲೆಕ್ಕದ ಪುಸ್ತಕಗಳನ್ನು ಸ್ವಲ್ಪ ಹೊತ್ತು ಮುಚ್ಚಿಡೋಣ. ಮಕ್ಕಳ ವಿಷಯ ಮಾತಾಡೋಣ. ಆದರೆ ಸಾಲದ ಲೆಕ್ಕ ನಮ್ಮನ್ನು ಬಿಡುವುದಿಲ್ಲ, ನಡುವೆ ಅದೂ ಬರುತ್ತದೆ, ನೋಡುತ್ತಾ ಇರಿ.

ನಮ್ಮ ಒಂದು ಸಂಘದಲ್ಲಿ ಒಬ್ಬ ತಾಯಿ ಇದ್ದಾರೆ. ಹೆಸರು ಬೇಡ, ಊರೂ ಬೇಡ. ಅವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇವೆ. ಅವರ ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ವಾರದ ಸಭೆಗೆ ಬಂದರೆ ಅವನೂ ಬರುತ್ತಿದ್ದ. ಅಮ್ಮನ ಸೆರಗು ಹಿಡಿದು ಪಕ್ಕದಲ್ಲೇ ಕೂರುತ್ತಿದ್ದ. ಬೇರೆ ಸದಸ್ಯರು ನಗುತ್ತಿದ್ದರು, "ನಿನ್ನ ಬಾಲ ಬಂತಲ್ಲ" ಅಂತ. ಅವರೂ ನಗುತ್ತಿದ್ದರು. ಆಮೇಲೆ ಅವರು ಸಭೆಗೆ ಬರುವುದೇ ನಿಂತುಹೋಯಿತು. ಮೂರು ವಾರ ದಂಡ ಬಿತ್ತು. ವಿಚಾರಿಸೋಣ ಅಂತ ನಾವು ಮನೆಗೆ ಹೋದೆವು.

ಆಗ ಗೊತ್ತಾಯಿತು. ಎರಡು ವರ್ಷದ ಹಿಂದೆ ಆ ಮನೆಯಲ್ಲಿ ಅಜ್ಜ ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅಂದಿನಿಂದ ಹುಡುಗನಿಗೆ ಒಂದೇ ಭಯ, ಅಮ್ಮನೂ ಸತ್ತುಹೋದರೆ? "ಅವ್ವ, ನೀನು ಸಾಯಲ್ಲ ಅಲ್ವಾ?" ದಿನಕ್ಕೆ ಇಪ್ಪತ್ತು ಸಲ ಕೇಳುತ್ತಾನೆ. ಇಪ್ಪತ್ತು ಸಲವೂ ಆಕೆ "ಇಲ್ಲ ಕಣೋ ಮಗಾ" ಅನ್ನಬೇಕು. ಶಾಲೆಗೆ ಹೋದರೆ ಅಮ್ಮ ಜಗಲಿಯ ಮೇಲೆ ಬಿಸಿಯೂಟದ ತನಕ ಕೂತಿರಬೇಕು. ಆಕೆ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತು ಕರೆಯುತ್ತಿರುತ್ತಾನೆ, ಆಕೆ ಒಳಗಿಂದ ಓಗೊಡುತ್ತಿರಬೇಕು. ಕೂಲಿಗೆ ಹೋಗುವುದು ನಿಂತಿತು. ತವರಿಗೆ ಹೋಗುವುದು ನಿಂತಿತು. ಕೊನೆಗೆ ಸಂಘದ ಸಭೆಯೂ ನಿಂತಿತು.

"ಏನ್ ಮಾಡೋದು ಸಿಸ್ಟರ್, ಮಗು ಅಲ್ವಾ, ಅಡ್ಜಸ್ಟ್ ಮಾಡ್ಕೊಂಡು ಹೋಗ್ತಿದೀನಿ" ಅಂದರು.

ಸಹೋದರಿಯರೇ, ಇವತ್ತಿನ ನಮ್ಮ ಮಾತೆಲ್ಲ ಆ "ಅಡ್ಜಸ್ಟ್" ಅನ್ನುವ ಒಂದು ಪದದ ಬಗ್ಗೆಯೇ.

ಯಾವ ಭಯ ಸಹಜ, ಯಾವುದು ಕಾಯಿಲೆ?

ಭಯ ಇಲ್ಲದ ಮಗು ಇಲ್ಲ. ಕೈಗೂಸು ಹೊಸ ಮುಖ ಕಂಡರೆ ಅಳುತ್ತದೆ. ನಾಲ್ಕು ವರ್ಷದ ಮಗು ಕತ್ತಲೆಗೆ ಹೆದರುತ್ತದೆ. ಪರೀಕ್ಷೆಯ ಹಿಂದಿನ ದಿನ ದೊಡ್ಡ ಮಕ್ಕಳಿಗೆ ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗುತ್ತದೆ. ಇವೆಲ್ಲ ಬರುತ್ತವೆ, ಹೋಗುತ್ತವೆ. ಭಯ ದೇವರು ಕೊಟ್ಟ ಕಾವಲುಗಾರ. ಹಾವು ಕಂಡರೆ ಓಡು ಅಂತ ಹೇಳುವುದು ಅದೇ.

ಆದರೆ ಕೆಲವು ಮಕ್ಕಳಲ್ಲಿ ಈ ಕಾವಲುಗಾರ ಹಾವಿಗೂ ಕೂಗುತ್ತಾನೆ, ಹಗ್ಗಕ್ಕೂ ಕೂಗುತ್ತಾನೆ. ತಿಂಗಳುಗಟ್ಟಲೆ ಭಯ ಹೋಗುವುದಿಲ್ಲ. ಶಾಲೆ, ಊಟ, ನಿದ್ದೆ, ಆಟ ಎಲ್ಲಕ್ಕೂ ಅಡ್ಡ ಬರುತ್ತದೆ. ಆಗ ವೈದ್ಯರು ಅದನ್ನು ಆತಂಕದ ಕಾಯಿಲೆ ಅನ್ನುತ್ತಾರೆ. ಕೆಲವರಿಗೆ ತಾಯಿಯನ್ನು ಬಿಟ್ಟಿರುವ ಭಯ. ಕೆಲವರಿಗೆ ನಾಲ್ಕು ಜನರ ಮುಂದೆ ಬಾಯಿ ತೆರೆಯುವ ಭಯ. ಕೆಲವರಿಗೆ ನಾಯಿ, ಗುಡುಗು, ಸೂಜಿಯ ಭಯ. ಇನ್ನು ಕೆಲವರಿಗೆ ಇದು ಅಂತ ಇಲ್ಲ, ಎಲ್ಲದರ ಬಗ್ಗೆಯೂ ಚಿಂತೆ.

ಹಳ್ಳಿಯಲ್ಲಿ ಇದನ್ನು ಗುರುತಿಸುವುದು ಕಷ್ಟ. ಯಾಕೆಂದರೆ ಮಗು "ನನಗೆ ಆತಂಕ" ಅಂತ ಹೇಳುವುದಿಲ್ಲ. "ಹೊಟ್ಟೆ ನೋವು" ಅನ್ನುತ್ತದೆ. "ತಲೆ ಸುತ್ತುತ್ತೆ" ಅನ್ನುತ್ತದೆ. ಸೋಮವಾರ ಬೆಳಿಗ್ಗೆ ವಾಂತಿ, ಭಾನುವಾರ ಆರಾಮ. ನಾವು ಜಂತುಹುಳದ ಮಾತ್ರೆ ಕೊಡಿಸುತ್ತೇವೆ, ದೃಷ್ಟಿ ತೆಗೆಯುತ್ತೇವೆ, ತಾಯತ ಕಟ್ಟಿಸುತ್ತೇವೆ. ಕೆಲವರು "ನಾಟಕ ಆಡ್ತಾನೆ" ಅಂತ ಎರಡೇಟು ಹಾಕುತ್ತಾರೆ. ನಾಟಕ ಅಲ್ಲ. ನೋವು ನಿಜವಾಗಿಯೂ ಇರುತ್ತದೆ. ಮನಸ್ಸು ಹೆದರಿದಾಗ ಎದೆ ಬಡಿದುಕೊಳ್ಳುತ್ತದೆ, ಹೊಟ್ಟೆ ಹಿಂಡುತ್ತದೆ.

ಇದು ಎಲ್ಲೋ ಅಪರೂಪದ ವಿಷಯವೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿದರು. 13ರಿಂದ 17 ವರ್ಷದ ಮಕ್ಕಳಲ್ಲಿ ಶೇ. 7ಕ್ಕಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂತು. ಆತಂಕದ ಕಾಯಿಲೆ ಅವುಗಳಲ್ಲಿ ಮುಖ್ಯವಾದದ್ದು. ನಂತರ 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ಶಾಲೆ ತೆರೆದದ್ದು 2021ರ ಅಕ್ಟೋಬರಿನಲ್ಲಿ. ಅಷ್ಟು ದಿನ ಮನೆಯಲ್ಲೇ ಇದ್ದ ಮಕ್ಕಳು ಶಾಲೆಯ ಗೇಟು ಕಂಡು ಅತ್ತದ್ದನ್ನು ನೀವೂ ನೋಡಿದ್ದೀರಿ.

ನಾವು ಏನೆಲ್ಲಾ ಮಾಡುತ್ತೇವೆ?

ಮಗು ಹೆದರಿದಾಗ ತಾಯಿಯಾದವಳು ಸುಮ್ಮನೆ ಇರುತ್ತಾಳೆಯೇ? ಇಲ್ಲ. ಭಯಕ್ಕೆ ತಕ್ಕಂತೆ ತನ್ನನ್ನೇ ಬದಲಿಸಿಕೊಳ್ಳುತ್ತಾಳೆ. ನೋಡಿ, ಇವುಗಳಲ್ಲಿ ಯಾವುದನ್ನು ನೀವು ಮಾಡಿದ್ದೀರಿ?

• ಯಾರಾದರೂ "ನಿನ್ನ ಹೆಸರೇನು ಪುಟ್ಟಾ?" ಅಂತ ಕೇಳಿದರೆ ಮಗುವಿನ ಬದಲು ನಾವೇ ಹೇಳುವುದು.
• ಅಂಗಡಿಗೆ ಕಳಿಸದೆ ನಾವೇ ಹೋಗುವುದು.
• "ಏನೂ ಆಗಲ್ಲ ಅಲ್ವಾ?" ಅನ್ನುವ ಅದೇ ಪ್ರಶ್ನೆಗೆ ಅದೇ ಉತ್ತರವನ್ನು ಹತ್ತು ಸಲ ಕೊಡುವುದು.
• ಹೊಟ್ಟೆ ನೋವು ಅಂದ ಕೂಡಲೆ "ಇವತ್ತೊಂದಿನ ಇರ್ಲಿ ಬಿಡು" ಅಂತ ಶಾಲೆ ತಪ್ಪಿಸುವುದು.
• ನಾಯಿ ಇರುವ ಬೀದಿ ಬಿಟ್ಟು ಊರು ಸುತ್ತಿ ಹೋಗುವುದು.
• ಮಗು ಅಳುತ್ತದೆ ಅಂತ ಮದುವೆಗೆ, ಜಾತ್ರೆಗೆ, ಕೂಲಿಗೆ ಹೋಗದಿರುವುದು.
• ಮನೆಯಲ್ಲಿ ಎಲ್ಲರಿಗೂ "ಅವಳ ಮುಂದೆ ಆ ಮಾತು ಎತ್ತಬೇಡಿ" ಅನ್ನುವುದು.

ಇದಕ್ಕೆ ತಜ್ಞರು ಕುಟುಂಬದ ಹೊಂದಾಣಿಕೆ ಅನ್ನುತ್ತಾರೆ. ಆತಂಕದ ಕಾಯಿಲೆ ಇರುವ ಮಕ್ಕಳ ಹೆಚ್ಚುಕಡಿಮೆ ಎಲ್ಲಾ ತಂದೆತಾಯಿಯರೂ ಇದನ್ನು ಮಾಡುತ್ತಾರೆ ಅಂತ ಅಧ್ಯಯನಗಳು ಹೇಳುತ್ತವೆ. ಅಕ್ಷರಸ್ಥರು ಅನಕ್ಷರಸ್ಥರು ಅಂತ ಇಲ್ಲ. ಅದರಲ್ಲೂ ಹೆಣ್ಣುಮಕ್ಕಳಾದ ನಮಗೆ ಇದು ಬೇಗ ಬರುತ್ತದೆ. ಹುಟ್ಟಿದಾಗಿನಿಂದ ನಮಗೆ ಹೇಳಿಕೊಟ್ಟದ್ದೇ "ಹೊಂದ್ಕೊಂಡು ಹೋಗು" ಅಂತ. ಗಂಡನಿಗೆ ಹೊಂದಿಕೊಂಡೆವು, ಅತ್ತೆಗೆ ಹೊಂದಿಕೊಂಡೆವು. ಈಗ ಮಗುವಿನ ಭಯಕ್ಕೂ ಹೊಂದಿಕೊಳ್ಳುತ್ತೇವೆ.

ಒಂದು ಮಾತು ಸ್ಪಷ್ಟ ಮಾಡುತ್ತೇವೆ. ಮಗುವಿಗೆ ಆತಂಕ ಬಂದದ್ದು ತಾಯಿಯ ತಪ್ಪಿನಿಂದ ಅಲ್ಲ. ಕೆಲವು ಮಕ್ಕಳು ಹುಟ್ಟುವಾಗಲೇ ಸೂಕ್ಷ್ಮ ಸ್ವಭಾವದವರು. ಕೆಲವು ಮನೆತನದಲ್ಲೇ ಅದು ಇರುತ್ತದೆ. ಕೆಲವೊಮ್ಮೆ ಸಾವು, ಅಪಘಾತ, ಜಗಳ ಕಂಡು ಬರುತ್ತದೆ. "ಎಲ್ಲಾ ನಿನ್ನಿಂದಲೇ, ಮುದ್ದು ಮಾಡಿ ಕೆಡಿಸಿದೆ" ಅಂತ ಮನೆಯಲ್ಲಿ ಯಾರಾದರೂ ಅಂದರೆ ಅದನ್ನು ತಲೆಗೆ ಹಾಕಿಕೊಳ್ಳಬೇಡಿ. ಹೊಂದಾಣಿಕೆಯಿಂದ ಭಯ ಹುಟ್ಟುವುದಿಲ್ಲ. ಆದರೆ ಹುಟ್ಟಿದ ಭಯ ಅದರಿಂದ ಬೆಳೆಯುತ್ತದೆ.

ಇದು ಬಡ್ಡಿ ಸಾಲದ ಹಾಗೆ

ಹೇಗೆ ಬೆಳೆಯುತ್ತದೆ? ಈಗ ಸಾಲದ ಲೆಕ್ಕಕ್ಕೆ ಬನ್ನಿ.

ಸಂಘ ಶುರುವಾಗುವ ಮೊದಲು ನಾವು ಯಾರ ಹತ್ತಿರ ಹೋಗುತ್ತಿದ್ದೆವು? ಕೈಸಾಲಕ್ಕೆ, ನೂರಕ್ಕೆ ಹತ್ತು ರೂಪಾಯಿ ತಿಂಗಳ ಬಡ್ಡಿಗೆ. ಸಾವಿರ ರೂಪಾಯಿ ಕೈಗೆ ಬಂದ ದಿನ ಎಷ್ಟು ನೆಮ್ಮದಿ! ಒಲೆ ಉರಿಯಿತು, ಕಷ್ಟ ತೀರಿತು. ಆದರೆ ತಿಂಗಳಿಗೆ ನೂರರಂತೆ ಹತ್ತು ತಿಂಗಳು ಕಟ್ಟಿದರೂ ಅಸಲು ಸಾವಿರ ಹಾಗೇ ನಿಂತಿರುತ್ತದೆ. ಬಡ್ಡಿ ಕಟ್ಟಲು ಇನ್ನೊಂದು ಸಾಲ. ಕೊನೆಗೆ ಓಲೆ ಜುಮುಕಿಯೂ ಹೋಯಿತು.

ಭಯಕ್ಕೆ ಹೊಂದಿಕೊಳ್ಳುವುದೂ ಹೀಗೇ. ಶಾಲೆಗೆ ಹೋಗಬೇಡ ಅಂದ ಕೂಡಲೆ ಮಗುವಿನ ಹೊಟ್ಟೆ ನೋವು ಮಾಯ. ಮಗುವಿಗೂ ನೆಮ್ಮದಿ, ತಾಯಿಗೂ ನೆಮ್ಮದಿ. ಆದರೆ ಆ ಗಳಿಗೆಯಲ್ಲಿ ಮಗು ಒಂದು ಪಾಠ ಕಲಿಯಿತು. "ಶಾಲೆ ನಿಜವಾಗಲೂ ಅಪಾಯ. ಅದಕ್ಕೇ ಅವ್ವ ನನ್ನ ಬಿಡಿಸಿಕೊಂಡಳು. ನಾನೊಬ್ಬನೇ ಇದನ್ನು ತಡೆದುಕೊಳ್ಳಲಾರೆ." ನಾಳೆ ಭಯ ಇನ್ನೂ ದೊಡ್ಡದಾಗಿ ಬರುತ್ತದೆ. ಇನ್ನೂ ದೊಡ್ಡ ಹೊಂದಾಣಿಕೆ ಕೇಳುತ್ತದೆ. ಇವತ್ತಿನ ನೆಮ್ಮದಿ ಸಾಲದ ಹಣ. ಅದರ ಬಡ್ಡಿಯನ್ನು ಮಗು ಕಟ್ಟುತ್ತದೆ, ಮನೆಯವರೆಲ್ಲ ಕಟ್ಟುತ್ತಾರೆ.

ಭಯ ಕಡಿಮೆಯಾಗುವುದು ಹೇಗೆ? ಹೆದರಿದ ಕೆಲಸವನ್ನು ಸ್ವಲ್ಪಸ್ವಲ್ಪವಾಗಿ ಮಾಡಿ, "ಓ, ಏನೂ ಆಗಲಿಲ್ಲ, ಹೆದರಿಕೆ ಬಂತು, ಆದರೂ ನಾನು ಮಾಡಿದೆ" ಅಂತ ಮಗುವೇ ಕಂಡುಕೊಂಡಾಗ. ಬಾವಿಯಲ್ಲಿ ಈಜು ಕಲಿತ ಹಾಗೆ. ದಡದಲ್ಲಿ ಕೂತು ನೂರು ಸಲ "ನೀರಿಗೆ ಹೆದರಬೇಡ" ಅಂದರೆ ಆಗುವುದಿಲ್ಲ. ಹೊಂದಾಣಿಕೆ ಮಾಡುವಾಗ ನಾವು ಈ ಕಲಿಕೆಯ ಅವಕಾಶವನ್ನೇ ಕಿತ್ತುಕೊಳ್ಳುತ್ತೇವೆ.

ನಮ್ಮದೇ ತಪ್ಪಿನ ಕತೆ

ಇದನ್ನು ನಿಮಗೆ ಬೋಧನೆ ಮಾಡುವುದಕ್ಕೆ ಹೇಳುತ್ತಿಲ್ಲ. ಈ ತಪ್ಪನ್ನು ನಾವೇ ಮಾಡಿದ್ದೇವೆ.

ಬಹಳ ವರ್ಷಗಳ ಹಿಂದಿನ ಮಾತು. ಒಂದು ಹಳ್ಳಿಯಲ್ಲಿ ಏಳನೇ ತರಗತಿಯ ಹುಡುಗಿ. ಬುದ್ಧಿವಂತೆ, ಅಕ್ಷರ ಮುತ್ತಿನಂತೆ. ಆದರೆ ಎದ್ದುನಿಂತು ಓದು ಅಂದರೆ ಗಂಟಲು ಕಟ್ಟುತ್ತಿತ್ತು, ಕೈ ತಣ್ಣಗಾಗುತ್ತಿತ್ತು. ತಾಯಿ ನಮ್ಮ ಬಳಿ ಬಂದು ಕಣ್ಣೀರು ಹಾಕಿದರು. ಸಮಾಜ ಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ನಾವು ಏನು ಮಾಡಿದೆವು? ಶಾಲೆಗೆ ಹೋಗಿ ಮೇಷ್ಟ್ರಿಗೆ ಕೈ ಮುಗಿದೆವು. "ಇವಳನ್ನು ಪ್ರಶ್ನೆ ಕೇಳಬೇಡಿ ಸಾರ್" ಅಂದೆವು. ಅವರು ಒಳ್ಳೆಯವರು, ಒಪ್ಪಿದರು. ಆಮೇಲೆ ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲುವುದರಿಂದ ಬಿಡಿಸಿದೆವು. ಕಿರುಪರೀಕ್ಷೆಯ ದಿನ ರಜೆ ಕೊಡಿಸಿದೆವು. ರಜಾ ಚೀಟಿಯನ್ನು ನಾವೇ ಬರೆದುಕೊಟ್ಟದ್ದೂ ಉಂಟು. ಒಂದೊಂದು ಸಲ ಬಿಡಿಸಿದಾಗಲೂ ಹುಡುಗಿಯ ಮುಖ ಅರಳುತ್ತಿತ್ತು. ಒಳ್ಳೆಯ ಕೆಲಸ ಮಾಡಿದೆವು ಅಂತ ನಮ್ಮ ವರದಿ ಪುಸ್ತಕದಲ್ಲಿ ಬರೆದುಕೊಂಡೆವು.

ಹೈಸ್ಕೂಲು ಪಕ್ಕದ ಊರಿನಲ್ಲಿ. ಬಸ್ಸು ಹತ್ತಬೇಕು, ಹೊಸ ಮೇಷ್ಟ್ರು, ಹೊಸ ಮಕ್ಕಳು. ಅಲ್ಲಿ ಕೈ ಮುಗಿದು ಬಿಡಿಸಲು ನಾವಿರಲಿಲ್ಲ. ಹದಿನೈದು ದಿನ ಹೋದಳು. ಆಮೇಲೆ ಹೋಗಲೇ ಇಲ್ಲ. ಹತ್ತನೇ ತರಗತಿ ಮುಗಿಯಲಿಲ್ಲ.

ಈಗ ಆಕೆಗೆ ಮದುವೆಯಾಗಿದೆ, ಒಂದು ಸಂಘದ ಸದಸ್ಯೆ. ಉಳಿತಾಯ ತಪ್ಪಿಸುವುದಿಲ್ಲ. ಆದರೆ ಸಭೆಯಲ್ಲಿ ಒಂದು ಮಾತೂ ಆಡುವುದಿಲ್ಲ. ಬ್ಯಾಂಕಿಗೆ ಹೋಗುವ ಸರದಿ ಬಂದರೆ ಬೇರೆಯವರನ್ನು ಕಳಿಸುತ್ತಾಳೆ. ನಮ್ಮನ್ನು ಕಂಡರೆ ಈಗಲೂ ಪ್ರೀತಿಯಿಂದ ಕೈ ಹಿಡಿದುಕೊಳ್ಳುತ್ತಾಳೆ. ಆ ಕೈ ಹಿಡಿದಾಗಲೆಲ್ಲ ನಮಗೆ ಆ ರಜಾ ಚೀಟಿಗಳು ನೆನಪಾಗುತ್ತವೆ.

ನಾವು ಅವಳ ಭಯಕ್ಕೆ ಸಹಾಯ ಮಾಡಿದೆವು. ಅವಳಿಗೆ ಮಾಡಲಿಲ್ಲ.

ಚಿಕಿತ್ಸೆ ಇದೆ, ಆದರೆ ಮನೆಯವರೂ ಬದಲಾಗಬೇಕು

ಮಕ್ಕಳ ಆತಂಕಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಒಂದು, ಮಾತು ಮತ್ತು ಅಭ್ಯಾಸದ ಚಿಕಿತ್ಸೆ. ಭಯದ ಯೋಚನೆಯನ್ನು ಪರೀಕ್ಷಿಸಿ ನೋಡುವುದನ್ನು, ಮೆಟ್ಟಿಲು ಮೆಟ್ಟಿಲಾಗಿ ಭಯವನ್ನು ಎದುರಿಸುವುದನ್ನು ಮಗುವಿಗೆ ಕಲಿಸುತ್ತಾರೆ. ಇನ್ನೊಂದು, ಔಷಧ. ಅಮೆರಿಕದಲ್ಲಿ 488 ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಮಾತಿನ ಚಿಕಿತ್ಸೆ ಒಂದನ್ನೇ ಪಡೆದವರಲ್ಲಿ ಶೇ. 60ರಷ್ಟು, ಔಷಧ ಒಂದನ್ನೇ ಪಡೆದವರಲ್ಲಿ ಶೇ. 55ರಷ್ಟು, ಎರಡನ್ನೂ ಪಡೆದವರಲ್ಲಿ ಶೇ. 81ರಷ್ಟು ಮಕ್ಕಳು ಚೆನ್ನಾಗಿ ಸುಧಾರಿಸಿದರು.

ಹಾಗಾದರೆ ಉಳಿದವರು? ಚಿಕಿತ್ಸೆ ಪಡೆದರೂ ಕೆಲವರು ಯಾಕೆ ಸುಧಾರಿಸುವುದಿಲ್ಲ? ಕಾರಣ ಹಲವು ಇವೆ. ಮನೆಯವರ ಹೊಂದಾಣಿಕೆ ಅವುಗಳಲ್ಲಿ ಒಂದು. ವಾರಕ್ಕೆ ಒಂದು ಗಂಟೆ ಆಸ್ಪತ್ರೆಯಲ್ಲಿ ಧೈರ್ಯದ ಅಭ್ಯಾಸ, ಉಳಿದ ದಿನವೆಲ್ಲ ಮನೆಯಲ್ಲಿ ಭಯಕ್ಕೆ ಉಪಚಾರ. ಒಂದು ಕೈಯಲ್ಲಿ ನೀರು ತುಂಬಿ ಇನ್ನೊಂದು ಕೈಯಲ್ಲಿ ಕೊಡ ಬಗ್ಗಿಸಿದ ಹಾಗೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿ ಲೆಬೊವಿಟ್ಜ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಹಿಡಿದು ಕೆಲಸ ಮಾಡಿದರು. ಮಗುವಿನ ಜೊತೆ ಅಲ್ಲ, ತಂದೆತಾಯಿಯರ ಜೊತೆ ಮಾತ್ರ ಕೂತು ಹೊಂದಾಣಿಕೆ ಕಡಿಮೆ ಮಾಡಿಸುವ ಒಂದು ಕ್ರಮವನ್ನು ರೂಪಿಸಿದರು. ಅದಕ್ಕೆ ಸ್ಪೇಸ್ ಅಂತ ಹೆಸರು. 7ರಿಂದ 14 ವರ್ಷದ 124 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಮಕ್ಕಳಿಗೆ 12 ವಾರ ಮಾತಿನ ಚಿಕಿತ್ಸೆ. ಇನ್ನೊಂದು ಗುಂಪಿನಲ್ಲಿ 12 ವಾರವೂ ತಂದೆತಾಯಿಯರು ಮಾತ್ರ ಬಂದರು, ಮಕ್ಕಳು ಚಿಕಿತ್ಸಕರ ಬಳಿ ಕೂರಲೇ ಇಲ್ಲ. ಆದರೂ ಎರಡೂ ಗುಂಪಿನ ಮಕ್ಕಳು ಒಂದೇ ಮಟ್ಟದಲ್ಲಿ ಸುಧಾರಿಸಿದರು. ಈ ಫಲಿತಾಂಶ 2020ರಲ್ಲಿ ಪ್ರಕಟವಾಯಿತು.

ನಮ್ಮಂಥವರಿಗೆ ಇದು ದೊಡ್ಡ ಸಮಾಚಾರ. "ನಾನು ಬರಲ್ಲ" ಅಂತ ಹಟ ಹಿಡಿಯುವ ಮಗುವನ್ನು ಎಳೆದುಕೊಂಡು ಹೋಗಲಾರದೆ ಎಷ್ಟು ತಾಯಂದಿರು ಕೈಚೆಲ್ಲಿದ್ದಾರೆ! ಮಗು ಬರದಿದ್ದರೂ ನಾವು ಬದಲಾದರೆ ಮಗುವಿಗೆ ಗುಣವಾಗುವ ದಾರಿ ಇದೆ ಅಂತ ಇದರ ಅರ್ಥ.

ಮೊದಲು ಒಂದು ಎಚ್ಚರಿಕೆ

ಹೊಂದಾಣಿಕೆ ಬಿಡುವ ಮೊದಲು ಇದನ್ನು ವಿಚಾರಿಸಿ. ಭಯಕ್ಕೆ ನಿಜವಾದ ಕಾರಣ ಇದೆಯೇ? ಶಾಲೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ? ದೊಡ್ಡ ಹುಡುಗರು ಕಾಡಿಸುತ್ತಾರೆಯೇ? ಜಾತಿ ಹೆಸರಿಡಿದು ಹಂಗಿಸುತ್ತಾರೆಯೇ? ಯಾರಾದರೂ ಮೈ ಮುಟ್ಟಿ ಕೆಟ್ಟದಾಗಿ ನಡೆದುಕೊಂಡಿದ್ದಾರೆಯೇ? ಹಾಗಿದ್ದರೆ ಅದು ಮಗುವಿನ ಆತಂಕದ ಕಾಯಿಲೆ ಅಲ್ಲ, ನಿಜವಾದ ಅಪಾಯ. ಅಲ್ಲಿ ಮಗುವನ್ನು ಗಟ್ಟಿ ಮಾಡುವುದಲ್ಲ, ಅಪಾಯವನ್ನು ನಿಲ್ಲಿಸಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2012ರ ಪೋಕ್ಸೋ ಕಾಯ್ದೆ ಇದೆ. ಹೊಟ್ಟೆ ನೋವು, ಉಸಿರಾಟದ ತೊಂದರೆ ಇದ್ದರೆ ಒಮ್ಮೆ ವೈದ್ಯರಿಗೂ ತೋರಿಸಿ, ದೇಹದ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಳ್ಳಿ.

ಆ ತಾಯಿ ಏನು ಮಾಡಿದರು?

ಈಗ ಮೊದಲು ಹೇಳಿದ ಆ ತಾಯಿಯ ಕತೆಗೆ ಬರೋಣ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದೆವು. ಅಲ್ಲಿಯ ಆಪ್ತಸಮಾಲೋಚಕಿ ಹೇಳಿಕೊಟ್ಟ ಹಾಗೆ ಹೆಜ್ಜೆ ಇಟ್ಟೆವು.

ಮೊದಲನೆಯದು, ಪಟ್ಟಿ. ಮಗನ ಭಯಕ್ಕಾಗಿ ದಿನವಿಡೀ ತಾನು ಏನೇನು ಮಾಡುತ್ತೇನೆ ಅಂತ ಆಕೆ ಒಂದು ವಾರ ಗುರುತು ಹಾಕಿದರು. ಹದಿನಾಲ್ಕು ಸಂಗತಿ ಬಂದವು. ಹದಿನಾಲ್ಕನ್ನೂ ಒಟ್ಟಿಗೆ ಬಿಡಲಿಲ್ಲ. ಒಂದನ್ನು ಆರಿಸಿದೆವು, ಶಾಲೆಯ ಜಗಲಿಯಲ್ಲಿ ಕೂರುವುದು.

ಎರಡನೆಯದು, ಮನೆಯವರ ಒಪ್ಪಿಗೆ. ಗಂಡ, ಅತ್ತೆ ಇಬ್ಬರನ್ನೂ ಕೂರಿಸಿ ಮಾತಾಡಿದೆವು. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಬಿಚ್ಚಿದರೆ ಮಗುವಿಗೆ ಗೊಂದಲ.

ಮೂರನೆಯದು, ಮಗುವಿಗೆ ಮೊದಲೇ ತಿಳಿಸುವುದು. ಅಳುವಾಗ ಅಲ್ಲ, ಬೈಯುವಾಗ ಅಲ್ಲ. ಭಾನುವಾರ ಸಂಜೆ, ಹೊಟ್ಟೆ ತುಂಬಿದ ಮೇಲೆ. ಆಕೆ ಹೇಳಿದ ಮಾತು ಇದು. "ಮಗಾ, ನನ್ನ ಬಿಟ್ಟಿರೋಕೆ ನಿನಗೆ ಬಹಳ ಭಯ ಆಗುತ್ತೆ ಅಂತ ನನಗೆ ಗೊತ್ತು. ಆದರೆ ಆ ಭಯನ ನೀನು ತಡ್ಕೊಳ್ತೀಯ ಅಂತಾನೂ ನನಗೆ ಗೊತ್ತು. ನಾಳೆಯಿಂದ ಪ್ರಾರ್ಥನೆ ಮುಗಿಯೋ ತನಕ ಇರ್ತೀನಿ, ಆಮೇಲೆ ಮನೆಗೆ ಬರ್ತೀನಿ."

ಈ ಮಾತಿನಲ್ಲಿ ಎರಡು ಭಾಗ ಇದೆ, ಗಮನಿಸಿ. ಒಂದು, ನಿನ್ನ ಭಯ ನನಗೆ ಅರ್ಥವಾಗುತ್ತದೆ. ಎರಡು, ನೀನು ಅದನ್ನು ತಾಳಬಲ್ಲೆ. ಮೊದಲನೆಯದನ್ನು ಮಾತ್ರ ಹೇಳಿದರೆ ಬರೀ ಮರುಕ. ಎರಡನೆಯದನ್ನು ಮಾತ್ರ ಹೇಳಿದರೆ ಬರೀ ಗದರಿಕೆ. ಎರಡೂ ಸೇರಿದರೆ ಬೆಂಬಲ.

ಇನ್ನೊಂದನ್ನೂ ಗಮನಿಸಿ. ಆಕೆ "ನಾಳೆಯಿಂದ ನೀನು ಅಳಬಾರದು" ಅನ್ನಲಿಲ್ಲ. ಅಳುವುದು ಬಿಡುವುದು ಮಗುವಿನ ಕೈಯಲ್ಲಿದೆ, ಅದನ್ನು ನಾವು ತಡೆಯಲಾರೆವು. "ನಾನು ಮನೆಗೆ ಬರ್ತೀನಿ" ಅಂದರು. ಅದು ಆಕೆಯ ಕೈಯಲ್ಲಿದೆ. ಮಗುವನ್ನು ಬದಲಿಸಲು ಹೋಗಿ ಜಗಳ ಮಾಡುವುದಕ್ಕಿಂತ ನಮ್ಮ ನಡತೆಯನ್ನು ಬದಲಿಸುವುದು ಸುಲಭ.

ಸುಲಭ ಅಂದೆವು, ನಿಜವಾಗಿ ಸುಲಭವಾಗಿರಲಿಲ್ಲ. ಮೊದಲ ವಾರ ಹುಡುಗ ಊರೇ ಕೇಳುವ ಹಾಗೆ ಅತ್ತ. "ಎಂಥಾ ತಾಯಿ ಇವ್ಳು" ಅಂದರು ದಾರಿಹೋಕರು. ಎರಡನೇ ವಾರ ಅಜ್ಜಿಗೆ ತಡೆಯಲಾಗಲಿಲ್ಲ. ಬಿಸ್ಕತ್ತು ಪೊಟ್ಟಣ ಹಿಡಿದು ಕದ್ದು ಹೋಗಿ ಜಗಲಿಯಲ್ಲಿ ಕೂತರು. ಮತ್ತೆ ಮೊದಲಿಂದ ಶುರು. ಹೊಂದಾಣಿಕೆ ಬಿಟ್ಟಾಗ ಮೊದಲು ಭಯ ಹೆಚ್ಚಾಗುತ್ತದೆ, ಆಮೇಲೆ ಇಳಿಯುತ್ತದೆ. ಇದು ಮೊದಲೇ ಗೊತ್ತಿಲ್ಲದಿದ್ದರೆ ಎರಡೇ ದಿನಕ್ಕೆ ಸೋತುಬಿಡುತ್ತೇವೆ. ನಡುದಾರಿಯಲ್ಲಿ ಸೋತರೆ "ಇನ್ನೂ ಜೋರಾಗಿ ಅತ್ತರೆ ಅವ್ವ ಬರ್ತಾಳೆ" ಅಂತ ಮಗು ಕಲಿಯುತ್ತದೆ.

ಆ ತಾಯಿಯನ್ನು ನಿಲ್ಲಿಸಿದ್ದು ಅವರ ಸಂಘ. ಸದಸ್ಯೆಯರು ಸರದಿ ಹಾಕಿಕೊಂಡರು. ದಿನಕ್ಕೊಬ್ಬರು ಬೆಳಿಗ್ಗೆ ಶಾಲೆ ಗೇಟಿನಿಂದ ಆಕೆಯ ಜೊತೆ ಮನೆ ತನಕ ನಡೆದು ಬರುತ್ತಿದ್ದರು, ತಿರುಗಿ ನೋಡದ ಹಾಗೆ. ಮೇಷ್ಟ್ರು ಹುಡುಗನಿಗೆ ಹಾಜರಿ ಪುಸ್ತಕ ತರುವ ಕೆಲಸ ಕೊಟ್ಟರು. ಮೂರನೇ ವಾರ ಗೇಟಿನವರೆಗೆ ಮಾತ್ರ. ಆಮೇಲೆ ಬೀದಿಯ ಕೊನೆಯವರೆಗೆ. "ನೀನು ಸಾಯಲ್ಲ ಅಲ್ವಾ?" ಅನ್ನುವ ಪ್ರಶ್ನೆಗೆ ಬೆಳಿಗ್ಗೆ ಒಂದು ಸಲ ಮಾತ್ರ ಉತ್ತರ. ಮತ್ತೆ ಕೇಳಿದರೆ, "ಇದು ನಿನ್ನ ಭಯ ಕೇಳ್ತಿರೋ ಪ್ರಶ್ನೆ, ನಾನು ಆಗ್ಲೇ ಹೇಳಿದೀನಿ" ಅಂತ ತಲೆ ಸವರುವುದು.

ಮೂರು ತಿಂಗಳು ಹಿಡಿಯಿತು. ಈಗ ಅವನು ಬೀದಿಯ ಮಕ್ಕಳ ಜೊತೆ ಶಾಲೆಗೆ ಹೋಗುತ್ತಾನೆ. ಭಯ ಪೂರ್ತಿ ಹೋಗಿಲ್ಲ. ಅಮ್ಮನಿಗೆ ಜ್ವರ ಬಂದರೆ ಇವತ್ತಿಗೂ ಮಂಕಾಗುತ್ತಾನೆ. ರಾತ್ರಿ ಅಮ್ಮನ ಪಕ್ಕದಲ್ಲೇ ಮಲಗುತ್ತಾನೆ. ಇರಲಿ, ಒಂದೇ ಕೋಣೆಯ ನಮ್ಮ ಮನೆಗಳಲ್ಲಿ ಎಲ್ಲರೂ ಒಟ್ಟಿಗೇ ಮಲಗುತ್ತೇವೆ, ಅದು ಕಾಯಿಲೆ ಅಲ್ಲ. ಅವನು ನಿದ್ದೆ ಹೋದ ಮೇಲೆ ಅಮ್ಮ ಎದ್ದು ಹೊರಗೆ ಹೋಗಿ ಬರಬಹುದೇ ಅನ್ನುವುದು ಮುಖ್ಯ. ಹೋಗಿ ಬರುತ್ತಾರೆ. ಕಳೆದ ತಿಂಗಳು ಕೂಲಿ ಹಣದಿಂದ ಬಾಕಿ ಕಂತು ಕಟ್ಟಿದರು. ಸಭೆಗೆ ಒಬ್ಬರೇ ಬಂದರು. ಯಾರೂ ಬಾಲದ ಮಾತು ಎತ್ತಲಿಲ್ಲ.

ಮಾಡಬಾರದ್ದು

1. ಹೊಂದಾಣಿಕೆ ಬಿಡುವುದು ಅಂದರೆ ಹೊಡೆಯುವುದು, ಕತ್ತಲೆ ಕೋಣೆಯಲ್ಲಿ ಕೂಡಿಹಾಕುವುದು, ಬಾವಿಗೆ ತಳ್ಳುವುದು ಅಲ್ಲ. ಅದು ಭಯವನ್ನು ಇಮ್ಮಡಿ ಮಾಡುತ್ತದೆ.
2. "ಗುಮ್ಮ ಬರ್ತಾನೆ, ಪೊಲೀಸ್ನೋರು ಬರ್ತಾರೆ, ಡಾಕ್ಟ್ರು ಸೂಜಿ ಚುಚ್ತಾರೆ" ಅಂತ ಹೆದರಿಸಬೇಡಿ.
3. "ನಿನ್ನ ತಂಗಿ ನೋಡು, ಎಷ್ಟು ಧೈರ್ಯ" ಅಂತ ಹೋಲಿಸಬೇಡಿ.
4. ಮಗುವಿಗೆ ಹೇಳದೆ ಕದ್ದು ಹೋಗಬೇಡಿ. ನಂಬಿಕೆ ಒಡೆಯುತ್ತದೆ.
5. ವೈದ್ಯರು ಕೊಟ್ಟ ಔಷಧವನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಮಗು ವಾರಗಟ್ಟಲೆ ಶಾಲೆ ಬಿಟ್ಟಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಮನೆಯವರ ದುಡಿಮೆ ನಿಂತಿದ್ದರೆ ತಡ ಮಾಡಬೇಡಿ. ಮಗು "ಸಾಯಬೇಕು" ಅಂದರೆ, ತನಗೆ ತಾನೇ ಗಾಯ ಮಾಡಿಕೊಂಡರೆ ಈ ಹೆಜ್ಜೆಗಳನ್ನು ಮನೆಯಲ್ಲೇ ಪ್ರಯೋಗ ಮಾಡಬೇಡಿ, ಆವತ್ತೇ ಕರೆದುಕೊಂಡು ಹೋಗಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಇರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. 2022ರ ಅಕ್ಟೋಬರಿನಿಂದ ಸರ್ಕಾರದ ಟೆಲಿ-ಮನಸ್ ಸಹಾಯವಾಣಿ ಇದೆ. 14416 ಒತ್ತಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ಆಶಾ ಕಾರ್ಯಕರ್ತೆಯನ್ನೂ ಕೇಳಿ.

ವೈದ್ಯರ ಮುಂದೆ ಕೂತಾಗ ಮಗು ಏನು ಮಾಡುತ್ತದೆ ಅಂತ ಮಾತ್ರ ಹೇಳಬೇಡಿ. ಮಗುವಿನ ಭಯಕ್ಕಾಗಿ ನೀವು ಏನೇನು ಮಾಡುತ್ತೀರಿ ಅನ್ನುವುದನ್ನೂ ಹೇಳಿ. ನಾಚಿಕೆ ಬೇಡ. ಚಿಕಿತ್ಸೆಗೆ ಅದು ಬಹಳ ಬೇಕಾದ ಮಾಹಿತಿ.

ಸಹೋದರಿಯರೇ, ಸಂಘ ನಮಗೆ ಏನು ಕಲಿಸಿತು? ಮೊದಲ ದಿನ ಬ್ಯಾಂಕಿನ ಮೆಟ್ಟಿಲು ಹತ್ತುವಾಗ ನಮ್ಮ ಕಾಲೂ ನಡುಗಿತ್ತು. ಗಂಡನನ್ನೋ ಮಗನನ್ನೋ ಕಳಿಸಿದ್ದರೆ ಆ ನಡುಕ ಇವತ್ತಿಗೂ ಇರುತ್ತಿತ್ತು. ಯಾರೋ ಒಬ್ಬ ಅಕ್ಕ ಪಕ್ಕದಲ್ಲಿ ನಿಂತು, "ನೀನೇ ಕೇಳು, ನಾನು ಇಲ್ಲೇ ಇದೀನಿ" ಅಂದಳು. ನಮ್ಮ ಬದಲು ಅವಳು ಕೇಳಲಿಲ್ಲ. ನಮ್ಮನ್ನು ಬಿಟ್ಟೂ ಹೋಗಲಿಲ್ಲ. ನಮ್ಮ ಮಕ್ಕಳಿಗೂ ಅಷ್ಟೇ ಬೇಕಾಗಿರುವುದು.



ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಮನೆಯ ಮಗುವಿನ ಯಾವ ಭಯಕ್ಕೆ ನಾವು ಹೊಂದಿಕೊಳ್ಳುತ್ತಿದ್ದೇವೆ? ಮೂರು ಉದಾಹರಣೆ ಹೇಳಿ.
2. ಅದರಲ್ಲಿ ಈ ತಿಂಗಳು ಯಾವ ಒಂದನ್ನು ಕಡಿಮೆ ಮಾಡಬಹುದು? ಮನೆಯಲ್ಲಿ ಯಾರ ಒಪ್ಪಿಗೆ ಬೇಕು?
3. "ನಿನಗೆ ಭಯ ಅಂತ ಗೊತ್ತು, ಆದರೂ ನೀನು ತಡ್ಕೊಳ್ತೀಯ" ಅನ್ನುವುದನ್ನು ನಿಮ್ಮ ಮನೆಯ ಮಾತಿನಲ್ಲಿ ಹೇಗೆ ಹೇಳುತ್ತೀರಿ? ಇಬ್ಬಿಬ್ಬರು ಕೂತು ಹೇಳಿ ನೋಡಿ.
4. ನಮ್ಮ ಊರಿನಲ್ಲಿ ಭಯದಿಂದ ಶಾಲೆ ಬಿಟ್ಟ ಮಗು ಇದೆಯೇ? ಆ ತಾಯಿಯ ಜೊತೆ ನಡೆಯಲು ನಮ್ಮ ಸಂಘದಿಂದ ಯಾರು ಹೋಗುತ್ತೀರಿ?